ಗೌಡರ ವಂಶದ ತೆಂಗಿನ ಮರ

ಹೊಸದಾಗಿ ಡ್ರಾಯಿಂಗ್ ಮೇಷ್ಟ್ರಾಗಿ ಸೇರಿದ ಹುಡುಗರು ಈಗಲೂ ಆಗೊಮ್ಮೆ ಈಗೊಮ್ಮೆ ನನ್ನನ್ನು ನೋಡಲು ಬರುತ್ತಾರೆ. ಮಕ್ಕಳಿಗೆ ಚಿತ್ರ ಕಲಿಸುವುದು ಹೇಗೆ ಎಂದು ಕೇಳುತ್ತಾರೆ. ಅದನ್ನು ಮಕ್ಕಳೇ ಹೇಳಿಕೊಡುತ್ತವೆ, ಚಿಂತೆ ಬೇಡ ಎನ್ನುತ್ತೇನೆ. ಯಾರೂ ಹೇಳಿಕೊಡದ ಕೆಲಸಗಳು ಬೇರೆ ಇವೆ. ಶಾರದಾ ಪೂಜೆಗೆ ಕರಿಹಲಗೆಯ ಮೇಲೆ ಸರಸ್ವತಿ ಬಿಡಿಸಬೇಕು. ವೇದಿಕೆಯ ಹಿಂದಿನ ಬಟ್ಟೆಗೆ ಅಕ್ಷರ ಅಂಟಿಸಬೇಕು. ಆಟೋಟದ ಸರ್ಟಿಫಿಕೇಟುಗಳ ಮೇಲೆ ಇನ್ನೂರು ಹೆಸರು ಬರೆಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಬಿನ್ನವತ್ತಳೆ ಬರೆಯಬೇಕು. ಊರಿಗೆ ಬಂದ ದೊಡ್ಡವರನ್ನು ಹೊಗಳಿ, ಸುತ್ತ ಬಳ್ಳಿ ಬಿಡಿಸಿ, ಗಾಜು ಹಾಕಿಸಿ ಸಭೆಯಲ್ಲಿ ಕೊಡುವ ಪತ್ರ ಅದು. ಈಗ ಅದನ್ನು ಕಂಪ್ಯೂಟರ್ ಅಂಗಡಿಯಲ್ಲಿ ಹತ್ತು ನಿಮಿಷಕ್ಕೆ ತೆಗೆದುಕೊಡುತ್ತಾರೆ. ನಮ್ಮ ಕಾಲದಲ್ಲಿ ಒಂದಕ್ಕೆ ನಾಲ್ಕು ದಿನ ಬೇಕಾಗುತ್ತಿತ್ತು.

ನಾನು ಕೆಲಸ ಮಾಡಿದ್ದು ತುರುವೇಕೆರೆಯಿಂದ ಮಾಯಸಂದ್ರಕ್ಕೆ ಹೋಗುವ ದಾರಿಯಲ್ಲಿ, ತೆಂಗಿನ ತೋಟಗಳ ನಡುವಿನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ. ಹುಟ್ಟೂರು ಚಿಕ್ಕನಾಯಕನಹಳ್ಳಿ. ಎಪ್ಪತ್ತರ ದಶಕದ ನಡುವಿನಲ್ಲಿ ಒಂದು ಟ್ರಂಕು, ಒಂದು ಬಣ್ಣದ ಡಬ್ಬಿ ಹಿಡಿದು ಬಸ್ಸಿಳಿದವನು, ಮೂವತ್ತು ವರ್ಷಕ್ಕೂ ಮೇಲೆ ಅಲ್ಲೇ ಇದ್ದು ನಿವೃತ್ತನಾದೆ. ಬಡ್ತಿ ಎಂಬುದು ನಮ್ಮ ಹುದ್ದೆಗೆ ಇರಲೇ ಇಲ್ಲ, ಆದ್ದರಿಂದ ಆ ವಿಷಯ ಬಿಟ್ಟುಬಿಡೋಣ.

ಮೊದಲ ವರ್ಷದಲ್ಲೇ ಒಂದು ಎಡವಟ್ಟು ಮಾಡಿದೆ. ವಾರ್ಷಿಕೋತ್ಸವಕ್ಕೆ ಬರಬೇಕಾಗಿದ್ದ ಅಧಿಕಾರಿ ಹಿಂದಿನ ದಿನ ಬರುವುದಿಲ್ಲವೆಂದು ತಿಳಿಸಿದರು. ಅವರ ಬದಲಿಗೆ ಇನ್ನೊಬ್ಬರು ಬರುವವರಿದ್ದರು. ಬಿನ್ನವತ್ತಳೆ ಆಗಲೇ ತಯಾರಾಗಿತ್ತು. ಹೆಸರನ್ನು ನೀರಿಗೆ ಹೋಗದ ಇಂಕಿನಲ್ಲಿ ಬರೆದಿದ್ದೆ. ಹೊಸದು ಬರೆಯಲು ಸಮಯವಿಲ್ಲ. ಹಳೆಯ ಹೆಸರಿನ ಮೇಲೆ ಬಿಳಿ ಪೋಸ್ಟರ್ ಕಲರ್ ಬಳಿದು, ಅದರ ಮೇಲೆ ಹೊಸ ಹೆಸರು ಬರೆದೆ. ಅವತ್ತೇ ಗಾಜಿನವನೂ ಕೈಕೊಟ್ಟ. ಅತಿಥಿಗಳು ಊಟ ಮುಗಿಸಿ ಕೈ ತೊಳೆದು ಬಂದವರು ಒದ್ದೆ ಕೈಯಲ್ಲೇ ಪತ್ರ ಹಿಡಿದು ಭಾಷಣ ಮಾಡಿದರು. ಭಾಷಣ ಮುಗಿಯುವ ಹೊತ್ತಿಗೆ ಅವರ ಹೆಸರು ಅವರ ಬೆರಳಿಗೆ ಹತ್ತಿತ್ತು, ಪತ್ರದಲ್ಲಿ ಬಾರದವರ ಹೆಸರು ಎದ್ದು ಕಾಣುತ್ತಿತ್ತು. ನಮ್ಮ ಹೆಡ್‌ಮಾಸ್ಟರ್ ರಾಯರು ಬೈಯಲಿಲ್ಲ. "ಇಬ್ಬರಿಗೂ ಒಂದರಲ್ಲೇ ಮುಗಿಸಿದಿರಲ್ಲ ಮೇಷ್ಟ್ರೇ, ಉಳಿತಾಯವಾಯ್ತು" ಎಂದರು. ಆವತ್ತು ಕಲಿತೆ: ಪೋಸ್ಟರ್ ಕಲರ್ ಮೇಲೆ ವಾರ್ನಿಷ್ ಬಳಿಯದಿದ್ದರೆ ಒದ್ದೆ ಬೆರಳು ತಾಗಿದ ಕಡೆ ಅದು ಏಳುತ್ತದೆ. ಅಡಿಯಲ್ಲಿರುವ ಇಂಕು ಮಾತ್ರ ಹಾಗೇ ಇರುತ್ತದೆ. ಈ ಪಾಠವನ್ನು ಯಾಕೆ ಹೇಳಿದೆ ಎಂಬುದು ಮುಂದೆ ತಿಳಿಯುತ್ತದೆ.

ಶಾಲೆಯ ಸಂಸ್ಥೆಗೆ ಅಧ್ಯಕ್ಷರಾಗಿದ್ದವರು ಆ ಊರಿನ ಗೌಡರು. ಅವರ ಹೆಸರು ಬರೆಯುವುದಿಲ್ಲ, ಮೊಮ್ಮಕ್ಕಳಿದ್ದಾರೆ. ಎರಡು ಬಾರಿ ಮಂತ್ರಿಯಾಗಿದ್ದವರು. ಕುರ್ಚಿ ಹೋದ ಮೇಲೂ ಅವರ ಜಗುಲಿಯಲ್ಲಿ ಬೆಳಗ್ಗೆ ನಲವತ್ತು ಜನ ಕೂತಿರುತ್ತಿದ್ದರು. ವರ್ಗಾವಣೆ ಬೇಕಾದವರು, ಬೇಡವಾದವರು, ಇಬ್ಬರೂ ಅಲ್ಲೇ. ಬಿಳಿ ಪಂಚೆ, ತುಂಬು ತೋಳಿನ ಅಂಗಿ, ಮೆತ್ತನೆಯ ಮಾತು. ಅವರು ದನಿ ಎತ್ತಿದ್ದನ್ನು ನಾನು ಕೇಳಲೇ ಇಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ವರ್ಷಗಟ್ಟಲೆ ಫೈಲು ನೋಡಿದ್ದರಿಂದಲೋ ಏನೋ, ಯಾವ ಕಾಗದ ತಿರುವಬೇಕಾದರೂ ಹೆಬ್ಬೆರಳನ್ನು ನಾಲಿಗೆಗೆ ತಾಗಿಸುವ ಅಭ್ಯಾಸ ಅವರಿಗಿತ್ತು.

ಅವರಿಗೆ ಅರವತ್ತು ತುಂಬುವ ವರ್ಷ ಒಂದು ದಿನ ನಮ್ಮ ಶಾಲೆಯ ವಾಚನಾಲಯಕ್ಕೆ ಬಂದರು. ಮೇಜಿನ ಮೇಲೆ ಯಾವುದೋ ವಿದೇಶಿ ಪತ್ರಿಕೆ ಇತ್ತು. ಅದರಲ್ಲಿ ಒಂದು ಬಣ್ಣದ ಚಿತ್ರ. ಸ್ಪೇನ್ ದೇಶದ ರಾಜನ ಬಳಿ ಬಹಳ ಪ್ರಬಲನಾಗಿದ್ದ ಮಂತ್ರಿಯೊಬ್ಬನಿಗಾಗಿ ಹಿಂದಿನ ಕಾಲದಲ್ಲಿ ಮಾಡಿದ ವಂಶಾವಳಿಯ ಪುಸ್ತಕವಂತೆ ಅದು. ಚರ್ಮದ ಹಾಳೆ, ಚಿನ್ನದ ರೇಕು, ಮರ, ಮರದ ಕೊಂಬೆಕೊಂಬೆಗೂ ಹೆಸರು. ರಾಯರು ಚರಿತ್ರೆ ಓದಿದವರು, ಎರಡು ಮಾತು ಜಾಸ್ತಿಯೇ ಸೇರಿಸಿ ವಿವರಿಸಿದರು. ಗೌಡರು ಕನ್ನಡಕ ತೆಗೆದು ಹಾಕಿ ನೋಡಿದರು.

"ರಾಜಂಗಲ್ಲ, ಮಂತ್ರಿಗೆ ಮಾಡಿದ್ದು, ಅಲ್ವಾ?" ಎಂದರು.

"ಹೌದು ಸಾರ್, ಮಂತ್ರಿಗೆ," ಎಂದರು ರಾಯರು.

ಗೌಡರು ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನಮ್ಮನೇದೂ ಇಂಥದ್ದೊಂದು ಆಗ್ಬೇಕಲ್ಲ. ಅರವತ್ತರ ಸಮಾರಂಭಕ್ಕೆ ಬೆಂಗಳೂರಿಂದ ದೊಡ್ಡೋರೆಲ್ಲ ಬತ್ತಾರೆ. ಮೇಜಿನ ಮೇಲೆ ಇಡಾನ." ಬಾಗಿಲ ತನಕ ಹೋದವರು ನಿಂತು, "ಈ ಮರ ಯಾವ್ದೋ ಏನೋ. ನಮ್ದು ತೆಂಗಿನ ಮರ ಆಗ್ಲಿ," ಎಂದರು.

ಅವರು ಹೋದ ಮೇಲೆ ನಾನು ತಲೆ ಮೇಲೆ ಕೈ ಹೊತ್ತು ಕೂತೆ. ತೆಂಗಿನ ಮರಕ್ಕೆ ಕೊಂಬೆ ಎಲ್ಲಿದೆ? ವಂಶ ಎಂದರೆ ಕವಲೊಡೆಯಬೇಕು, ಈ ಮರ ನೆಟ್ಟಗೆ ಹೋಗಿ ತಲೆಯ ಮೇಲೆ ಮಾತ್ರ ಬಿಚ್ಚಿಕೊಳ್ಳುತ್ತದೆ. ಎರಡು ದಿನ ಶಾಲೆಯ ಹಿಂದಿನ ತೋಟದಲ್ಲಿ ಕತ್ತೆತ್ತಿ ಓಡಾಡಿದೆ. ಮೂರನೆಯ ದಿನ ಕತ್ತು ನೋವು ಬಂದು ತಲೆ ತಗ್ಗಿಸಿದಾಗ ಕಾಂಡದ ಬಳೆಗಳು ಕಂಡವು. ಹಿಂದೆ ಇದ್ದು ಉದುರಿದ ಗರಿಗಳ ಗುರುತು ಅವು. ಸರಿ, ದಾರಿ ಸಿಕ್ಕಿತು. ಹಳೆಯ ತಲೆಮಾರುಗಳೆಲ್ಲ ಕಾಂಡದ ಬಳೆಗಳು. ಒಂದೊಂದು ಪುಟಕ್ಕೆ ಒಂದೊಂದು ಬಳೆ, ಅದರ ಸುತ್ತ ಹೆಸರು, ಅವರು ಕಟ್ಟಿಸಿದ ಕೆರೆ, ಬಾವಿಗಳ ಚಿತ್ರ. ಕೊನೆಯ ಪುಟ ಮರದ ತಲೆ. ಗೌಡರ ಅಣ್ಣತಮ್ಮಂದಿರದು ಕೆಳಗಿನ ಗರಿಗಳು, ಮಕ್ಕಳದು ಮೇಲಿನವು, ಮೊಮ್ಮಕ್ಕಳು ಸುಳಿಯ ಹತ್ತಿರ. ಗರಿಯ ಬುಡದಲ್ಲಿ ಗಂಡನ ಹೆಸರು, ಅದರ ಪಕ್ಕದಲ್ಲೇ ಹೆಂಡತಿಯ ಹೆಸರು. ಬದುಕಿರುವವರ ಗರಿ ಹಸಿರು. ತೀರಿಕೊಂಡವರದು ಒಣಗಿ ಇಳಿಬಿದ್ದ ಕಂದು ಗರಿ. ಗೌಡರಿಗೆ ಇದು ಬಹಳ ಹಿಡಿಸಿತು. ಜಗುಲಿಯ ನಲವತ್ತು ಜನಕ್ಕೂ ತಾವೇ ವಿವರಿಸಿದರು.

ಹೆಸರುಗಳನ್ನು ಹೇಳಬೇಕಾದವನು ಹೆಳವರ ಮಲ್ಲಯ್ಯ. ಹೆಳವರು ಎಂದರೆ ಮನೆತನಗಳ ವಂಶಾವಳಿ ಬಾಯಿಪಾಠ ಇಟ್ಟುಕೊಂಡು, ಗಂಟೆ ಕಟ್ಟಿದ ಎತ್ತಿನೊಂದಿಗೆ ಊರೂರು ತಿರುಗುವವರು. ಎರಡು ಮೂರು ವರ್ಷಕ್ಕೊಮ್ಮೆ ಬಂದು ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು ಹೋಗುತ್ತಾರೆ. ಗೌಡರು ಹುಳಿಯಾರಿನ ಕಡೆಯಿಂದ ಮಲ್ಲಯ್ಯನನ್ನು ಕರೆಸಿದರು. ಜಗುಲಿಯ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ ಅವನು ಶುರು ಮಾಡಿದನೆಂದರೆ ಬಸ್ಸು ಇಳಿಜಾರಿನಲ್ಲಿ ಬಂದ ಹಾಗೆ. ನಾನು ಪೆನ್ಸಿಲ್ ಹಿಡಿದು, "ನಿಧಾನ ಮಲ್ಲಯ್ಯ, ಆ ಹೆಸರು ಇನ್ನೊಂದ್ಸಲ" ಎಂದರೆ ನಿಲ್ಲಿಸಿ ಕಣ್ಣು ಬಿಡುತ್ತಿದ್ದ.

"ಮಧ್ಯದಾಗೆ ಹಿಡ್ಕಂಡ್ರೆ ಬರಾಕಿಲ್ಲ ಮೇಷ್ಟ್ರೇ. ಮೊದ್ಲಿಂದ ಬತ್ತೀನಿ," ಎಂದು ಮತ್ತೆ ಮೂಲ ಪುರುಷನಿಂದ ಹಿಡಿಯುತ್ತಿದ್ದ.

ಹೀಗೆ ಏಳು ಸಲ ಆಯಿತು. ಏಳನೆಯ ಸಲಕ್ಕೆ ಮೂಲ ಪುರುಷ ನನಗೂ ಬಾಯಿಗೆ ಬಂದಿದ್ದ. ಕಡೆಗೆ ಗೌಡರ ತಲೆಮಾರಿಗೆ ಬಂದ. ಗೌಡರ ಅಣ್ಣ ಒಬ್ಬರು ತೀರಿಕೊಂಡವರು, ಆಮೇಲೆ ಗೌಡರು. ಆಮೇಲೆ ತಮ್ಮ ಪುಟ್ಟಸ್ವಾಮಿ, ಅವನ ಹೆಂಡತಿ ಜಯಮ್ಮ. ಅಲ್ಲಿ ಮಲ್ಲಯ್ಯ, "ಊರು ಬಿಟ್ಟೋಗವ್ನೆ" ಎಂದು ಮುಂದೆ ಹೋದ.

ಪುಟ್ಟಸ್ವಾಮಿಯ ವಿಷಯ ಊರಿಗೆಲ್ಲ ಗೊತ್ತಿತ್ತು. ಹನ್ನೊಂದು ವರ್ಷದ ಹಿಂದೆ ಅಣ್ಣನ ಜೊತೆ ಯಾವುದೋ ಮಾತಿಗೆ ಮಾತು ಬೆಳೆದು, ಉಟ್ಟ ಬಟ್ಟೆಯಲ್ಲೇ ಮಾಯಸಂದ್ರಕ್ಕೆ ನಡೆದು ಬಸ್ಸು ಹತ್ತಿದವನು ಮತ್ತೆ ಬರಲಿಲ್ಲ. ಗೌಡರು ಮಂತ್ರಿಯಾಗಿದ್ದಾಗ ಪೊಲೀಸರನ್ನು ಬಿಟ್ಟು ಹುಡುಕಿಸಿದ್ದರು, ತಾವೇ ಬೊಂಬಾಯಿಗೂ ಹೋಗಿ ಬಂದಿದ್ದರು. ಸುಳಿವು ಸಿಗಲಿಲ್ಲ. ಜಯಮ್ಮ ಅದೇ ಮನೆಯ ಹಿಂದಿನ ಭಾಗದಲ್ಲಿ ಇದ್ದರು. ಹಣೆಗೆ ಕುಂಕುಮ, ಕೈತುಂಬ ಹಸಿರು ಬಳೆ. ಮನೆಯ ಶುಭಕಾರ್ಯಕ್ಕೆಲ್ಲ ಅವರೂ ಮುತ್ತೈದೆಯರ ಸಾಲಿನಲ್ಲೇ ಕೂರುತ್ತಿದ್ದರು.

ನಾನು ಪೆನ್ಸಿಲ್ ಎತ್ತಿ ಗೌಡರನ್ನು ಕೇಳಿದೆ, "ಇದು ಹಸಿರೋ, ಒಣಗಿದ್ದೋ?"

ಗೌಡರು ಸ್ವಲ್ಪ ಹೊತ್ತು ಅಂಗಳದ ಎತ್ತನ್ನು ನೋಡಿದರು. "ಒಣಗಿದ್ದೇ ಬರೀರಿ. ಎಷ್ಟು ವರ್ಷ ಅಂತ," ಎಂದರು.

ಮಲ್ಲಯ್ಯ ತಲೆ ಅಲ್ಲಾಡಿಸಿದ. "ಅದಾಗಾಕಿಲ್ಲ ಗೌಡ್ರೇ. ಸತ್ತೋರ ಹೆಸ್ರಲ್ಲಿ ಮನೆಯೋರು ನಂಗೊಂದು ಕಂಬ್ಳಿ ಹೊದಿಸ್ಬೇಕು. ಈ ಹೆಸ್ರಿಗೆ ಕಂಬ್ಳಿ ಬಂದಿಲ್ಲ. ಬರೋಗಂಟ ಅವ್ನು ನನ್ನ ಬಾಯಾಗೆ ಬದುಕವ್ನೆ."

"ಒಂದು ಕಂಬಳಿ ತಾನೆ. ಈಗ್ಲೇ ತರಿಸ್ತೀನಿ, ಬುಡು."

"ನೀವು ಹೊದ್ಸಂಗಿಲ್ಲ. ಹೆಂಡ್ತಿ ಇದ್ರೆ ಹೆಂಡ್ತಿ ಕೈಲೇ ಹೊದಿಸ್ಬೇಕು. ನಮ್ಮಪ್ಪನ ಕಾಲದಿಂದ್ಲೂ ಹಂಗೇ."

ಗೌಡರು ಒಳಗೆ ಹೇಳಿ ಕಳಿಸಿದರು. ಹೊಸ ಕಂಬಳಿಯೂ ಬಂತು, ಮಡಿಚಿದ್ದು ಮಡಿಚಿದ ಹಾಗೆ ಜಗುಲಿಯ ಮೇಲೆ ಕೂತಿತು. ಜಯಮ್ಮ ಬರಲಿಲ್ಲ. ಹಿತ್ತಿಲ ಕಡೆಯ ಬಾಗಿಲು ಹಾಕಿದ ಸದ್ದು ನಮಗೆಲ್ಲ ಕೇಳಿಸಿತು. ಮಲ್ಲಯ್ಯ ಎದ್ದು ಎತ್ತು ಬಿಚ್ಚಿಕೊಂಡ. ಗೌಡರು ಕೋಪ ಮಾಡಿಕೊಳ್ಳಲಿಲ್ಲ. "ಅವನ ಲೆಕ್ಕ ಅವನ ಬಾಯಲ್ಲಿರ್ಲಿ ಮೇಷ್ಟ್ರೇ. ನಿಮ್ಮ ಪುಸ್ತಕದಲ್ಲಿ ಒಣಗಿದ್ದೇ ಬರೀರಿ. ಬದುಕವ್ನೆ ಅಂತ ಬರೆದ್ರೆ, ಎಲ್ಲವ್ನೆ ಅಂತ ಬಂದೋರೆಲ್ಲ ಕೇಳ್ತಾರೆ. ನಾನೇನು ಹೇಳ್ಲಿ?" ಎಂದರು. ಅದನ್ನು ಹೇಳುವಾಗ ಮಾತ್ರ ಅವರು ಮಂತ್ರಿಯಾಗಿದ್ದವರಂತೆ ಕಾಣಲಿಲ್ಲ.

ಎರಡು ದಿನದ ಮೇಲೆ ಮಧ್ಯಾಹ್ನದ ಬಿಡುವಿನಲ್ಲಿ ಜಯಮ್ಮ ನಮ್ಮ ಡ್ರಾಯಿಂಗ್ ಕೋಣೆಗೆ ಬಂದರು. ನಾನು ಕೊನೆಯ ಪುಟ ಹಿಡಿದಿದ್ದೆ. ನನ್ನ ಕ್ರಮ ಏನೆಂದರೆ, ಮೊದಲು ಎಲ್ಲ ಗರಿಗಳನ್ನೂ ನೀರಿಗೆ ಹೋಗದ ಹಸಿರು ಇಂಕಿನಲ್ಲಿ ಬಿಡಿಸುವುದು. ಆಮೇಲೆ ತೀರಿಕೊಂಡವರ ಗರಿಯ ಮೇಲೆ ಕಂದು ಪೋಸ್ಟರ್ ಕಲರ್ ಬಳಿಯುವುದು. ಕಡೆಗೆ ಒಂದೊಂದೇ ಗರಿಗೆ ವಾರ್ನಿಷ್. ಅವತ್ತಿನ್ನೂ ಇಡೀ ಮರ ಹಸಿರಾಗಿತ್ತು. ಜಯಮ್ಮನಿಗೆ ಓದಲು ಬರುತ್ತಿತ್ತು. ತಮ್ಮ ಹೆಸರನ್ನು ತಾವೇ ಹುಡುಕಿಕೊಂಡರು.

"ಇದ್ನ ಒಣಗಿಸ್ತೀರಂತೆ?" ಎಂದರು.

ನಾನು ಇಂಕಿನ ಪೆನ್ನು ಕೆಳಗಿಟ್ಟೆ.

"ಹನ್ನೊಂದು ವರ್ಷದಿಂದ ಯಾರೂ ನನ್ನ ಮುಂದೆ ಆ ಮಾತು ಆಡಿಲ್ಲ ಮೇಷ್ಟ್ರೇ. ಭಾವನೋರೂ ಆಡಿಲ್ಲ. ನೀವು ಬರೆದ್ರೆ ಅದೇ ಮೊದ್ಲು. ಸಾವ್ರ ಜನ ನೋಡ್ತಾರೆ. ಮಾರನೆ ದಿನ ನಮ್ಮೋರೇ ಬಂದು ಬಳೆಗೆ ಕೈ ಹಾಕ್ತಾರೆ. ಅವ್ರು ಸತ್ತಿದ್ರೆ ನಾನೇ ತೆಗೆದು ಇಡ್ತಿದ್ದೆ. ಗೊತ್ತಿಲ್ದೆ ಹೆಂಗೆ ತೆಗೀಲಿ?"

ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಅಂಗಡಿಯಲ್ಲಿ ಅಳತೆ ಹೇಳುವ ಹಾಗೆ ಹೇಳಿದರು. "ಹಸಿರಾಗೇ ಬಿಡ್ತೀನಿ ಅಮ್ಮಾ, ನೀವು ಹೋಗಿ," ಎಂದುಬಿಟ್ಟೆ. ಯಾವ ಧೈರ್ಯದ ಮೇಲೆ ಹಾಗೆ ಹೇಳಿದೆನೋ ಇವತ್ತಿಗೂ ನನಗೆ ತಿಳಿಯದು. ನನ್ನ ನೇಮಕಕ್ಕೆ ಸರ್ಕಾರದ ಒಪ್ಪಿಗೆ ಇನ್ನೂ ಬಂದಿರಲಿಲ್ಲ. ಆ ಫೈಲು ಗೌಡರ ಮೇಜಿನ ಮೇಲೇ ಇತ್ತು.

ಸಮಾರಂಭಕ್ಕೆ ಮೂರು ದಿನ ಇರುವಾಗ ಗೌಡರು ಪುಸ್ತಕ ನೋಡಲು ಬಂದರು, ಜೊತೆಗೆ ರಾಯರು. ಗೌಡರು ಹೆಬ್ಬೆರಳು ನಾಲಿಗೆಗೆ ತಾಗಿಸಿ ಪುಟ ತಿರುವಲು ಹೋದರು. "ಗೌಡ್ರೇ, ಒದ್ದೆ ಬೆರಳು ಬೇಡ. ವಾರ್ನಿಷ್ ಬಳಿದಿಲ್ಲ, ಬಣ್ಣ ಎದ್ದು ಕೆಳಗಿನ ಇಂಕು ಕಾಣುತ್ತೆ," ಎಂದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡು ಪಂಚೆಗೆ ಒರೆಸಿಕೊಂಡರು. ರಾಯರು ಸುಮ್ಮನಿರದೆ ನನ್ನ ಹಳೆಯ ಬಿನ್ನವತ್ತಳೆಯ ಕಥೆಯನ್ನು ಹೇಳಿದರು. ಗೌಡರು ಅಪರೂಪಕ್ಕೆ ನಕ್ಕರು. ಆಮೇಲೆ ನಾನೇ ಪುಟ ತಿರುವುತ್ತ ಹೋದೆ. ಕೊನೆಯ ಪುಟ ಬಂತು. ಅವರ ಅಣ್ಣನ ಗರಿ ಒಣಗಿತ್ತು, ಪುಟ್ಟಸ್ವಾಮಿಯದು ಹಸಿರಾಗಿತ್ತು.

"ಇದೊಂದು ಮರೆತಿದ್ದೀರಿ," ಎಂದರು ಗೌಡರು.

ಮರೆತಿಲ್ಲ ಎಂದು ಹೇಳಲು ಅದು ಸರಿಯಾದ ಸಮಯ. ಬಾಯಿ ತೆರೆದೆ. ರಾಯರು ನನ್ನ ಹಿಂದೆ ನಿಂತವರು ಮೆಲ್ಲಗೆ, "ಬರೆದುಬಿಡಿ ಮೇಷ್ಟ್ರೇ, ನಿಮ್ಮ ಅಪ್ರೂವಲ್ ಬಾಕಿ ಇದೆ," ಎಂದರು. ರಾಯರು ಕೆಟ್ಟವರಲ್ಲ. ನನ್ನ ಹಿತಕ್ಕೇ ಹೇಳಿದರು. ನಾನು ಕೂತು, ಬ್ರಷ್ ಅದ್ದಿ, ಅವರಿಬ್ಬರ ಎದುರಿನಲ್ಲೇ ಆ ಗರಿಯನ್ನು ಒಣಗಿಸಿದೆ. ಐದು ನಿಮಿಷದ ಕೆಲಸ. ಮಾರನೆಯ ದಿನ ಎಲ್ಲ ಗರಿಗಳಿಗೂ ವಾರ್ನಿಷ್ ಬಳಿದೆ, ಆ ಒಂದಕ್ಕೆ ಬಳಿಯಲಿಲ್ಲ. ಈಗ ಈ ಕಥೆ ಕೇಳಿದವರು, ಮೇಷ್ಟ್ರು ಉಪಾಯ ಮಾಡಿದರು ಎನ್ನುತ್ತಾರೆ. ಉಪಾಯವೂ ಇಲ್ಲ, ಧೈರ್ಯವೂ ಇಲ್ಲ. ಮಾತು ಕೊಟ್ಟು ತಪ್ಪಿದವನಿಗೆ ಮತ್ತೊಮ್ಮೆ ಆ ಗರಿಯ ಮೇಲೆ ಕೈ ಆಡಿಸಲು ಮನಸ್ಸು ಬರಲಿಲ್ಲ, ಅಷ್ಟೆ.

ಸಮಾರಂಭ ಚೆನ್ನಾಗಿ ನಡೆಯಿತು. ಪುಸ್ತಕವನ್ನು ರೇಷ್ಮೆ ಬಟ್ಟೆ ಹಾಸಿದ ಮೇಜಿನ ಮೇಲೆ ಕೊನೆಯ ಪುಟ ತೆರೆದು ಇಟ್ಟಿದ್ದರು. ಬೆಂಗಳೂರಿನಿಂದ ಬಂದ ಹಿರಿಯ ಮಂತ್ರಿಗಳು ನನ್ನ ಬೆನ್ನು ತಟ್ಟಿ, ಇಂಥ ಕಲಾವಿದರು ಹಳ್ಳಿಯಲ್ಲಿ ಇದ್ದಾರಲ್ಲ ಎಂದರು. ಜನ ಸಾಲಾಗಿ ಬಂದು ನೋಡಿದರು. ಹೆಂಗಸರ ಸಾಲಿನಲ್ಲಿ ಜಯಮ್ಮನೂ ಬಂದರು. ಮೇಜಿನ ಮುಂದೆ ನಿಂತು ನೋಡಿ ಮುಂದೆ ಹೋದರು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ನನ್ನ ಕಡೆ ತಿರುಗಲಿಲ್ಲ. ಮುಂದಿನ ತಿಂಗಳು ನನ್ನ ಅಪ್ರೂವಲ್ ಬಂತು.

ಯಾರೂ ಬಂದು ಅವರ ಬಳೆ ಒಡೆಯಲಿಲ್ಲ. ಆದದ್ದು ಬೇರೆ. ಆ ವರ್ಷ ಗೌರಿ ಹಬ್ಬದಲ್ಲಿ ಓರಗಿತ್ತಿಯರು, ನೆಂಟರು ಯಾರೂ ಜಯಮ್ಮನಿಗೆ ಬಾಗಿನ ಕೊಡಲಿಲ್ಲ. ಕೊಡಬೇಡಿ ಎಂದು ಯಾರೂ ಹೇಳಿರಲಿಲ್ಲ. ಪುಸ್ತಕದಲ್ಲಿ ನೋಡಿದ್ದರು, ಅಷ್ಟು ಸಾಕಾಗಿತ್ತು. ಈ ವಿಷಯ ನನ್ನ ಹೆಂಡತಿ ಊಟಕ್ಕೆ ಬಡಿಸುತ್ತ ಹೇಳಿದಳು. ಮರುವರ್ಷ ಹಬ್ಬದ ದಿನ ಅವಳು ನನ್ನನ್ನು ಕೇಳದೆ ಮೊರದ ಬಾಗಿನ ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು. ಎಲ್ಲಿಗೆ ಎಂದೆ.

"ನೀವು ಬರೆದಿದ್ದು ನಿಮ್ಗೆ. ನಾನು ಕೊಡೋದು ನಂಗೆ," ಎಂದಳು.

ಮೇಷ್ಟ್ರ ಹೆಂಡತಿ ಎರಡು ಮೂರು ವರ್ಷ ಕೊಟ್ಟ ಮೇಲೆ ಅಕ್ಕಪಕ್ಕದ ಒಬ್ಬಿಬ್ಬರೂ ಕೊಡಲು ಶುರು ಮಾಡಿದರಂತೆ. ಗೌಡರ ಮನೆಯವರು ಮಾತ್ರ ಕೊಡಲಿಲ್ಲ. ನಾನು ಆ ಎಂಟು ಒಂಬತ್ತು ವರ್ಷ ಗೌಡರ ಮನೆಯ ಮುಂದಿನ ದಾರಿ ಬಿಟ್ಟು, ಕೆರೆ ಏರಿಯ ಮೇಲೆ ಸುತ್ತಿಕೊಂಡು ಶಾಲೆಗೆ ಹೋಗುತ್ತಿದ್ದೆ. ಕೇಳಿದವರಿಗೆ ವಾಕಿಂಗ್ ಎನ್ನುತ್ತಿದ್ದೆ.

ಆ ವರ್ಷಗಳಲ್ಲಿ ನಮ್ಮ ಕಸುಬೂ ಬದಲಾಯಿತು. ತಿಪಟೂರಿನಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಬಂತು. ಬಿನ್ನವತ್ತಳೆಗೆ ಅಚ್ಚು ಹಾಕಿದ ಅಂಚಿನ ಹಾಳೆ ಸಿಗತೊಡಗಿತು, ನಡುವೆ ಹೆಸರು ಬರೆದರೆ ಮುಗಿಯಿತು. ನಾಲ್ಕು ದಿನದ ಕೆಲಸ ಅರ್ಧ ದಿನಕ್ಕೆ ಇಳಿಯಿತು. ಆ ಬಿಡುವಿನಲ್ಲಿ ನಾನು ಮಕ್ಕಳಿಗೆ ನಿಜವಾಗಿ ಚಿತ್ರ ಕಲಿಸಿದೆ. ಯಾವ ಗಿಡವನ್ನೂ ನೋಡದೆ ಬರೆಯಬೇಡಿ ಎಂದು ಹೇಳುತ್ತಿದ್ದೆ. ನೋಡಿ ಬರೆಯಲು ತೋಟಕ್ಕೆ ಕಳಿಸಿದರೆ ಅರ್ಧ ತರಗತಿ ಎಳನೀರು ಕುಡಿದು ಬರುತ್ತಿತ್ತು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಗೌಡರು ತೀರಿಕೊಂಡರು. ಕಾರ್ಯವೆಲ್ಲ ಮುಗಿದ ಮೇಲೆ ಅವರ ಮಗ, ನಾವೆಲ್ಲ ಸಣ್ಣಗೌಡ್ರು ಎನ್ನುತ್ತಿದ್ದವರು, ಹೇಳಿಕಳಿಸಿದರು. ಪುಸ್ತಕದಲ್ಲಿ ತಂದೆಯವರ ಗರಿಯನ್ನು ಒಣಗಿಸಿ ಕೊಡಬೇಕಿತ್ತು. ಕಂದು ಬಣ್ಣ, ವಾರ್ನಿಷ್ ಡಬ್ಬಿ, ಎರಡು ಬ್ರಷ್ ಚೀಲದಲ್ಲಿ ಹಾಕಿಕೊಂಡು ಹೋದೆ. ಜಗುಲಿಯ ಮೇಲೆ ಹೆಳವರ ಮಲ್ಲಯ್ಯ ಕೂತಿದ್ದ. ಬಹಳ ಮುದುಕನಾಗಿದ್ದ. ಹೆಗಲ ಮೇಲೆ ಹೊಸ ಕಂಬಳಿ. ಗೌಡರ ಹೆಂಡತಿ ಅದೇ ತಾನೆ ಹೊದಿಸಿದ್ದರು.

ಸಣ್ಣಗೌಡರು ಬೀರು ತೆಗೆದು ಪುಸ್ತಕ ತಂದು ನನ್ನ ಮುಂದಿಟ್ಟರು. ಕೊನೆಯ ಪುಟ ತೆರೆದೆ. ಗೌಡರ ಗರಿ ಅವತ್ತು ಬಿಡಿಸಿದಷ್ಟೇ ಹಸಿರಾಗಿತ್ತು. ಅದನ್ನು ಒಣಗಿಸಲು ಕಾಲು ಗಂಟೆ ಹಿಡಿಯಿತು. ಬ್ರಷ್ ತೊಳೆಯುತ್ತಿದ್ದಾಗ ಸಣ್ಣಗೌಡರು ಬಗ್ಗಿ, "ಹಂಗೇ ಇದ್ನೂ ಒಸಿ ಸರಿ ಮಾಡ್ಬುಡಿ ಮೇಷ್ಟ್ರೇ. ಚಿಕ್ಕಪ್ಪನ ಗರಿ ಬಣ್ಣ ಹೋಗ್ಬುಟ್ಟೈತೆ," ಎಂದರು.

ಆಗ ನೋಡಿದೆ. ಪುಟ್ಟಸ್ವಾಮಿಯ ಗರಿಯ ಮೇಲಿನ ಕಂದು ಬಣ್ಣ ಎದ್ದುಹೋಗಿತ್ತು. ಅಂಚಿನಲ್ಲಿ ಮಾತ್ರ ಚೂರು ಚೂರು ಉಳಿದಿತ್ತು. ನಡುವೆ ಹೆಬ್ಬೆರಳಿನಷ್ಟು ಅಗಲಕ್ಕೆ ಉದ್ದಕ್ಕೂ ಉಜ್ಜಿದ ಗುರುತು, ಅಡಿಯ ಹಸಿರು ಇಂಕು ಹಾಗೇ ಇತ್ತು. ಪಕ್ಕದ ಗರಿಗಳಿಗೆ, ಅಕ್ಷರಗಳಿಗೆ ಏನೂ ಆಗಿರಲಿಲ್ಲ. ಜಯಮ್ಮ ಪಡಸಾಲೆಯ ಬಾಗಿಲಲ್ಲಿ ನಿಂತಿದ್ದರು. ತಲೆ ನರೆತಿತ್ತು. ಕೈಯಲ್ಲಿ ಹಸಿರು ಬಳೆ ಇದ್ದವು. ನಾನು ಅವರ ಕಡೆ ನೋಡಿದ್ದು ತಿಳಿದು, ಪುಸ್ತಕದಿಂದ ಕಣ್ಣು ತೆಗೆಯದೆ, "ನಾನು ಮುಟ್ಟಿಲ್ಲ ಮೇಷ್ಟ್ರೇ. ಅವತ್ತು ಮೇಜಿನ ಮೇಲೆ ನೋಡಿದ್ದೇ ಕೊನೆ," ಎಂದರು.

"ಈ ಪುಸ್ತಕಾನ ಬೀರುವಿಂದ ಯಾರು ತೆಗೀತಿದ್ರು?" ಎಂದು ಕೇಳಿದೆ.

ಗೋಡೆಗೆ ಒರಗಿ ಕೂತಿದ್ದ ಗೌಡರ ಹೆಂಡತಿ ಹೇಳಿದರು. "ಇನ್ಯಾರು ತೆಗೀತಾರೆ? ಬೀಗದ ಕೈ ಅವರ ಉಡಿದಾರದಾಗೇ ಇರೋದು. ಸಂಜೆ ಕಾಫಿ ಕುಡಿದ್ಮೇಲೆ ತಕ್ಕೊಂಡು, ಆ ಪುಟಾನೇ ಇಟ್ಕಂಡು ಕುಂತ್ಕೋತಿದ್ರು. ಒಂದೊಂದ್ಸಲ ಬೆರಳು ನಾಲಿಗೆಗೆ ಮುಟ್ಟಿಸ್ಕಂಡು ಆ ಗರಿ ಮೇಲೆ ಆಡಿಸೋರು. ಬಣ್ಣ ಹೋಗ್ತದೆ ಕಣ್ರೀ ಅಂದ್ರೆ, ಗೊತ್ತು ಸುಮ್ಕಿರು ಅನ್ನೋರು."

ಗೊತ್ತಿತ್ತು. ನಾನೇ ಹೇಳಿದ್ದೆ. ರಾಯರ ಬಿನ್ನವತ್ತಳೆಯ ಕಥೆಗೆ ನಕ್ಕವರು ಅವರೇ. ಗರಿಯನ್ನು ಮತ್ತೆ ಹಸಿರು ಮಾಡಿಸಲು ನನಗೆ ಹೇಳಿಕಳಿಸಬಹುದಿತ್ತು. ಆಗ ಒಣಗಿಸಿದ್ದು ತಪ್ಪಾಯಿತೆಂದು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು. ಅದು ಅವರಿಂದ ಆಗಲಿಲ್ಲ. ನನ್ನಿಂದಲೂ ಬಾಯಿ ತೆರೆಯಲು ಆಗಿರಲಿಲ್ಲ, ಆದ್ದರಿಂದ ಅವರನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ.

ಸಣ್ಣಗೌಡರು ಇನ್ನೂ ಕಾಯುತ್ತಿದ್ದರು. ಕಂದು ಬಣ್ಣದ ತಟ್ಟೆ ನನ್ನ ಮುಂದೆಯೇ ಇತ್ತು. ನಾನು ಅದನ್ನು ಪಕ್ಕಕ್ಕೆ ಸರಿಸಿದೆ.

"ಬಣ್ಣ ಹೋಗಿರೋದಲ್ಲ ಇದು," ಎಂದೆ. "ನಿಮ್ಮ ತಂದೆಯವರು ತಿದ್ದಿರೋದು. ಅವರು ತಿದ್ದಿದ ಮೇಲೆ ನಾನು ಮತ್ತೆ ಕೈ ಹಾಕೋದಿಲ್ಲ."

ಸಣ್ಣಗೌಡರು ತಾಯಿಯ ಮುಖ ನೋಡಿದರು. ಆಕೆ ಎದ್ದು ದೇವರ ಕೋಣೆಗೆ ಹೋಗಿ ಕುಂಕುಮದ ಬಟ್ಟಲು ತಂದು ಜಯಮ್ಮನ ಮುಂದೆ ಹಿಡಿದರು. ತಮ್ಮ ಹಣೆ ಬರಿದಾಗಿದ್ದರಿಂದ ತಾವು ಇಡದೆ, ಜಯಮ್ಮನೇ ಇಟ್ಟುಕೊಳ್ಳಲಿ ಎಂದು ಬಟ್ಟಲನ್ನೇ ಕೊಟ್ಟರು. ಜಗುಲಿಯಿಂದ ಮಲ್ಲಯ್ಯ, "ಏನಂತೆ ಒಳಗೆ?" ಎಂದು ಕೂಗಿದ.

ಜಯಮ್ಮ ಕುಂಕುಮ ಇಟ್ಟುಕೊಂಡು ಪುಸ್ತಕದ ಹತ್ತಿರ ಬಂದರು. ಸೆರಗಿನಿಂದ ಎರಡೂ ಕೈ ಚೆನ್ನಾಗಿ ಒರೆಸಿಕೊಂಡು ಕೂತರು, ಆದರೂ ಮುಟ್ಟಲಿಲ್ಲ. ಒಂಬತ್ತು ವರ್ಷದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು.

"ಡಬ್ಬಿಯಾಗಿರೋದು ವಾರ್ನಿಷ್ ಅಲ್ವಾ ಮೇಷ್ಟ್ರೇ?"

"ಹೌದಮ್ಮಾ."

"ಹಂಗಾದ್ರೆ ಇದಕ್ಕೂ ಬಳೀರಿ."

ನಾನು ಎರಡು ಸಲ ಬಳಿದೆ.